ಮಾತಿಗೆ ಹೆಪ್ಪು

"ದುಂಡಪ್ಪ ಮಾತಾಡದೆ ಬರೀ ನಗುವುದು ಯಾಕಂದರೆ" ಎಂದು ನೀವು ಎತ್ತಿಕೊಟ್ಟಿರಿ ನೋಡಿ, ಪುಣ್ಯಾತ್ಮರು, ನನಗೆ ಅಷ್ಟು ಸಾಕು. ಇಲ್ಲದಿದ್ದರೆ ಈ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತೇ ಇರುತ್ತಿದ್ದೆ. ನಮ್ಮೂರಲ್ಲಿ ನಡೆದುಹೋದದ್ದನ್ನು ತಾನಾಗಿ ಹೇಳಲು ಯಾರಿಗೂ ಬಾರದು. ಉಪ್ಪು ಕೊಡು, ಬಾಗಿಲು ಹಾಕು, ನಾಳೆ ಬಾ, ಇವೆಲ್ಲ ಸಲೀಸಾಗಿ ಬರುತ್ತವೆ. ಬೈಗುಳವಂತೂ ಕೇಳಲೇಬೇಡಿ. ಆದರೆ ನಿನ್ನೆ ಏನಾಯಿತು, ಹೋದ ವರ್ಷ ಏನಾಯಿತು ಎಂದು ಹೇಳಬೇಕಾದರೆ ಮೊದಲ ಮಾತು ಇನ್ನೊಬ್ಬರ ಬಾಯಿಂದ ಬರಬೇಕು. ಅದಕ್ಕೆ ನಾವು ಹೆಪ್ಪು ಅನ್ನುತ್ತೇವೆ. ಮನೆಯಲ್ಲಿ ಹಂಡೆಯಷ್ಟು ಹಾಲಿದ್ದರೂ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಾರದೆ ಹೆಪ್ಪುಗಟ್ಟುತ್ತದೆಯೇ? ಇದೂ ಹಾಗೇ.

"ಏನಾಯ್ತು?" ಎಂದು ಕೇಳಿದರೆ ನಡೆಯುವುದಿಲ್ಲ. ಪ್ರಶ್ನೆಗೆ ಹೆಪ್ಪಿನ ಗುಣವಿಲ್ಲ. ಶಾಲೆ ಬಿಟ್ಟು ಬಂದ ಮಗು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತರೆ ತಾಯಿ, "ಇವತ್ತ ಮಾಸ್ತರು ಕ್ಲಾಸಿಗೆ ಬಂದ ಕೂಡಲೆ" ಎಂದು ಹಚ್ಚಿಕೊಡುತ್ತಾಳೆ. ಆಮೇಲೆ ಅದರ ಬಾಯಿ ಮುಚ್ಚಿಸುವುದೇ ಕಷ್ಟ. ಠಾಣೆಯ ಹವಾಲ್ದಾರನಿಗೆ ಬರುವುದು ಒಂದೇ ಹೆಪ್ಪು, "ಕಳ್ಳ ಹಿತ್ತಲ ಬಾಗಿಲಿಂದ ಬಂದ." ಹೀಗಾಗಿ ನಮ್ಮೂರಲ್ಲಿ ಮುಂಬಾಗಿಲಿಂದ ಬಂದ ಕಳ್ಳನ ಮೇಲೆ ಇವತ್ತಿನವರೆಗೂ ಕೇಸಾಗಿಲ್ಲ. ಕಳ್ಳರಿಗೂ ಇದು ಗೊತ್ತಿದೆ.

ನನ್ನ ಹೆಸರು ಸಾವಂತ್ರೆವ್ವ. ಹೆಪ್ಪು ಕೊಡುವುದು ನನ್ನ ಕೆಲಸ, ಅತ್ತೆಯಿಂದ ಬಂದದ್ದು. ಜೋಳ ಗೋದಿ ಬೀಸಿಸಲು ಬಂದವರು ಸರತಿಗೆ ಕಾಯುತ್ತ ನನ್ನ ಹತ್ತಿರ ಸರಿದು, "ಯಕ್ಕಾ, ಎದಿಯಾಗ ಏನೋ ಕುಂತೈತಿ, ಒಂದೀಟು ಹೆಪ್ಪು ಹಾಕು" ಅನ್ನುತ್ತಾರೆ. ನಾನು ಮೋರೆ ನೋಡಿ ಒಂದು ಮಾತು ಕೊಡುತ್ತೇನೆ. ಅವರು ಹೇಳಿ ಹಗುರಾಗಿ, ಹೋಗುವಾಗ ಒಂದು ಹಿಡಿ ಹಿಟ್ಟು ನನ್ನ ಬುಟ್ಟಿಗೆ ಹಾಕುತ್ತಾರೆ.

ನನ್ನತ್ತೆ ದೊಡ್ಡ ದೊಡ್ಡ ಹೆಪ್ಪು ಕೊಡುತ್ತಿದ್ದಳು. "ನನ್ನ ಬಾಳಿನಾಗ ಮರೀಲಾರದ ದಿನ ಅಂದ್ರ" ಎನ್ನುವಂಥವು. ಅಯ್ಯೋ ಶಿವನೇ! ಅಂಥ ಮಾತು ಕಿವಿಗೆ ಬಿದ್ದರೆ ಇದ್ದ ನೆನಪೂ ಹೆದರಿ ಓಡಿಹೋಗುತ್ತದೆ. ನಾನು ಸಣ್ಣದು ಕೊಡುವವಳು. "ಅವತ್ತ ಚಪ್ಪಲಿ ಹರದಿತ್ತು." "ಚಾಕ್ಕ ಸಕ್ರಿ ಇದ್ದಿದ್ದಿಲ್ಲ." "ಬಾಗಲಾ ಬಡದ್ರು, ನಾ ತಗೀಲಿಲ್ಲ." ಚಪ್ಪಲಿಯಿಂದ ಹೊರಟ ಮಾತು ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ. ಒಬ್ಬ ಹೆಣ್ಣುಮಗಳು ಸಕ್ಕರೆಯಿಲ್ಲದ ಚಹಾದಿಂದ ಹಿಡಿದು ತಮ್ಮನ ಸಂಗಡ ಮಾತು ಬಿಟ್ಟ ಕಥೆಗೆ ಬಂದು, ಅಳುತ್ತಳುತ್ತ ಹಿಟ್ಟು ಇಲ್ಲೇ ಬಿಟ್ಟು ತಮ್ಮನ ಮನೆಗೆ ಓಡಿದಳು. ಮರುದಿನ ಆ ಹಿಟ್ಟನ್ನು ಒಯ್ಯಲು ಬಂದವನು ಆ ತಮ್ಮನೇ. ನನಗೆ ಜಂಬ ಇದೆ, ಇಲ್ಲ ಅನ್ನುವುದಿಲ್ಲ.

ಆದರೆ ಒಂದು ಕಟ್ಟಳೆಯಿದೆ. ಹೆಪ್ಪು ಹೇಗೋ ಮೊಸರೂ ಹಾಗೆ. ಕೊಟ್ಟ ಮಾತಿಗೆ ಹೊಂದುವ ಕಥೆಯನ್ನೇ ಹೇಳಬೇಕು. ಹೊಂದದಿದ್ದರೆ ಸುಳ್ಳು ಹೇಳಬೇಕು, ಇಲ್ಲವೇ ಸುಮ್ಮನಿರಬೇಕು. ನಮ್ಮ ಜನ ಸಾಮಾನ್ಯವಾಗಿ ಸುಳ್ಳು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ದುಂಡಪ್ಪನೊಬ್ಬ ಸುಮ್ಮನಿದ್ದ.

ಗಿರಣಿಯ ಎದುರಿಗೇ ಅವನ ಸೈಕಲ್ ಅಂಗಡಿ. ಅವನು, ಅವನ ಮಗಳು ಕಸ್ತೂರಿ, ಇಬ್ಬರೇ. ಪಂಕ್ಚರ್ ಹಚ್ಚುವುದರಲ್ಲಿ ಮಗಳ ಕೈ ಅಪ್ಪನಿಗಿಂತ ಚುರುಕು. ಕಸ್ತೂರಿ ಇನ್ನೂ ಅಂಬೆಗಾಲಿಡುವಾಗ ಅವಳ ತಾಯಿ ಮಾದೇವಿ ತೀರಿಕೊಂಡಳಂತೆ. ನಾನು ಈ ಊರಿಗೆ ಸೊಸೆಯಾಗಿ ಬಂದದ್ದು ಆಮೇಲೆ, ಹೀಗಾಗಿ ಆಕೆಯ ಮೋರೆ ಕಂಡವಳಲ್ಲ. ನಮ್ಮಲ್ಲಿ ಮಣ್ಣು ಮಾಡಿ ಬಂದ ಮೇಲೆ ಊರವರು ಮನೆಯವರ ಮುಂದೆ ಕುಳಿತು ಒಂದೇ ಹೆಪ್ಪು ಕೊಡುವುದು ರೂಢಿ, "ಹೋದಾಕಿ ಭಾಳ ಒಳ್ಳೆಯಾಕಿ ಇದ್ಲು." ಹೋದವನು ಓಣಿಗೆಲ್ಲ ಉರಿ ಹಚ್ಚಿದ ಕಿಡಿಗೇಡಿಯಾಗಿದ್ದರೂ ಇದೇ ಮಾತು. ಮನೆಯವರು ಅದನ್ನೇ ಹಿಡಿದು ಅತ್ತು ಹೇಳಿ ಮುಗಿಸುತ್ತಾರೆ. ಮಾದೇವಿ ಹೋದಾಗಲೂ ಹಾಗೇ ಹಾಕಿದರು. ದುಂಡಪ್ಪ ಬಾಯಿ ತೆರೆದ, ತುಟಿ ಅಲುಗಿಸಿದ, ಮುಚ್ಚಿದ. ದುಃಖ ಹೆಚ್ಚಾಗಿದೆ, ಪಾಪ, ಎಂದುಕೊಂಡರು. ವರ್ಷಾಂತಿಕಕ್ಕೆ ಮತ್ತೆ ಅದೇ ಹಾಕಿದರು. ಆಗಲೂ ಅವನ ಬಾಯಿಂದ ಮಾತು ಹೊರಡಲಿಲ್ಲ. ಆಮೇಲೆ ಅದೊಂದು ಅವನ ಸ್ವಭಾವ ಎಂದು ಬಿಟ್ಟುಬಿಟ್ಟರು.

ಕಸ್ತೂರಿ ಬೆಳೆದಂತೆ ಓಣಿಯವರ ಬೆನ್ನು ಹತ್ತಿದಳು. ಆದರೆ ಹೆಪ್ಪು ಹಾಕಲು ತಾಯಿಯ ಬಗ್ಗೆ ಅವಳಿಗೆ ಏನಾದರೂ ಗೊತ್ತಿರಬೇಕಲ್ಲ? ಗೊತ್ತಿದ್ದದ್ದು ಊರು ಕಲಿಸಿದ ಆ ಒಂದೇ ಮಾತು. "ನಮ್ಮವ್ವ ಭಾಳ ಒಳ್ಳೆಯಾಕಿ ಇದ್ಲು" ಅನ್ನುತ್ತಿದ್ದಳು. "ಹೌದವಾ, ತಲಿ ಎತ್ತಿ ಮಾತಾಡ್ತಿದ್ದಿಲ್ಲ" ಎಂದು ಒಬ್ಬಳು. "ಮುಂಜಾನೆದ್ದು ತುಳಸಿಗೆ ನೀರ ಹಾಕದ ಬಾಯಾಗ ನೀರ ಹಾಕ್ತಿದ್ದಿಲ್ಲ" ಎಂದು ಇನ್ನೊಬ್ಬಳು. ಕಸ್ತೂರಿ ಕೇಳಿ ಕೇಳಿ ಸಾಕಾಗಿ ಕೇಳುವುದನ್ನೇ ಬಿಟ್ಟಿದ್ದಳು.

ಈ ಬೇಸಿಗೆಯಲ್ಲಿ ದುಂಡಪ್ಪನ ದನಿ ಒಡೆಯಿತು. ಮೊದಲು ಥಂಡಿ ಎಂದರು, ಆಮೇಲೆ ಶುಂಠಿ ಕಷಾಯ, ಜೇನುತುಪ್ಪ ಎಲ್ಲ ಆಯಿತು. ಕೊನೆಗೆ ಮಗಳೇ ಜಬರದಸ್ತಿಯಿಂದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಗಂಟಲಲ್ಲಿ ಗಂಟು ಇದೆ, ಕೊಯ್ದು ತೆಗೆಯಬೇಕು, ದನಿಯೂ ಅದರ ಸಂಗಡವೇ ಹೋಗುತ್ತದೆ, ಜೀವಕ್ಕೆ ಧಕ್ಕೆ ಇಲ್ಲ ಎಂದರು ಡಾಕ್ಟರು. ಸೋಮವಾರ ಬನ್ನಿ ಎಂದರು.

ಬಸ್ಸಿಳಿದವಳೇ ಕಸ್ತೂರಿ ಸೀದಾ ನನ್ನ ಕಟ್ಟೆಗೆ ಬಂದಳು. ಕಣ್ಣು ಕೆಂಪಗಿದ್ದವು. ನಾನು, "ಡಾಕ್ಟರು ಕಾಗದ ನೋಡಿ ತಲಿ ಎತ್ತಿದ್ರು" ಎಂದು ಹೆಪ್ಪು ಹಾಕಿದೆ. ಎಲ್ಲ ಹೇಳಿದಳು. ಹೇಳಿ ಮುಗಿಸಿ ನನ್ನ ಕೈ ಹಿಡಿದುಕೊಂಡಳು.

"ಅತ್ತಿ, ಸೋಮವಾರದ ಮ್ಯಾಲ ಅಪ್ಪ ಮಾತಾಡೂದಿಲ್ಲ. ನಮ್ಮವ್ವನ ಸುದ್ದಿ ಅಂವನ ಬಾಯಾಗನ ಉಳದ್ಹೋಗ್ತೈತಿ."

"ಊರಾಗ ಮಂದಿ ಹೇಳ್ಯಾರಲ್ಲವಾ ನಿನಗ" ಎಂದೆ, ಸಮಾಧಾನಕ್ಕೆ.

"ಮಂದಿ ಮಾತ ಕೇಳಿದ್ರ ನಮ್ಮವ್ವ ಗ್ವಾದಲ್ಯಾಗ ಕಟ್ಟಿದ ಆಕಳಾ ಇದ್ದಂಗ ಕಾಣ್ತಾಳ. ನನಗ ಆಕಳಾ ಬ್ಯಾಡ ಅತ್ತಿ, ಅವ್ವ ಬೇಕು. ನೀ ಬಂದು ಅಪ್ಪಗ ಒಂದು ಹೆಪ್ಪು ಹಾಕು."

ಅವಳ ಕಣ್ಣು ಒರೆಸಿದೆ. ನನಗೆ ಒಳಗೊಳಗೇ ಧೈರ್ಯವಿತ್ತು. ಎಂಥೆಂಥ ಬಾಯಿ ತೆರೆಸಿದವಳು ನಾನು, ಇದೇನು ಮಹಾ, ಎಂದುಕೊಂಡು ಊಟವಾದ ಮೇಲೆ ಸೆರಗು ಕೊಡವಿಕೊಂಡು ಅಂಗಡಿಗೆ ಹೋದೆ.

ದುಂಡಪ್ಪ ಒಂದು ಹಳೆಯ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕುಳಿತಿದ್ದ. "ಬಾ ಯಕ್ಕಾ, ಸ್ಟೂಲ್ ಮ್ಯಾಲ ಕುಂಡ್ರು" ಎಂದ. ದನಿ ಹರಕು ತಗಡಿನಂತಿತ್ತು. "ಯಾಕ ಬಂದಿ ಗೊತ್ತೈತಿ. ನನಗೂ ಹೇಳಬೇಕಂತ ಭಾಳ ಐತಿ. ನೀ ಹಾಕಿ ನೋಡು."

ಹಾಕಿದೆ. "ಮದವಿ ದಿನ ಮಾದೇವಿ ಹಸರ ಸೀರಿ ಉಟ್ಟಿದ್ಲು." ಅವನ ತುಟಿ ಅಲುಗಿತು, ನಿಂತಿತು. ತಲೆ ಅಲ್ಲಾಡಿಸಿದ. "ಮಾದೇವಿ ಮೊದಲ ಬಡದ ರೊಟ್ಟಿ ಹರದಿತ್ತು." ನಕ್ಕ, ಆದರೆ ಮಾತು ಬರಲಿಲ್ಲ. "ತವರಮನಿಂದ ಬರೂವಾಗ ಮಾದೇವಿ ಹಿಂದ ತಿರಗಿ ನೋಡಿದ್ಲು." ಇಲ್ಲ. "ಅವತ್ತ ಮಾದೇವಿ ಉಣಲಿಲ್ಲ." ಇಲ್ಲ. ಬಳೆ, ಬಾವಿ, ಹೂವು, ಉಪವಾಸ, ಕೂಸಿನ ಕುಲಾಯಿ, ನನ್ನ ಬತ್ತಳಿಕೆಯಲ್ಲಿ ಇದ್ದದ್ದೆಲ್ಲ ತೆಗೆದೆ. ಒಂದಕ್ಕೂ ಅವನ ಬಾಯಿ ತೆರೆಯಲಿಲ್ಲ. ನನಗೆ ಸಿಟ್ಟು ಬಂತು.

"ಏನಪಾ, ಬೇಕಂತ ಮಾಡಾಕತ್ತೀಯೇನು?"

"ಇಲ್ಲ ಯಕ್ಕಾ, ನಿನ್ನಾಣಿ. ನೀ ಹೇಳೂವೆಲ್ಲಾ ಚೊಲೋನ ಅದಾವು. ಆದ್ರ ಅವು ಆಕೀವಲ್ಲ."

ಮರುದಿನ ಶನಿವಾರವೂ ಹೋದೆ. ಅತ್ತೆಯ ದೊಡ್ಡ ಹೆಪ್ಪುಗಳನ್ನೂ ಬಿಡಲಿಲ್ಲ, ನಾಚಿಕೆ ಬಿಟ್ಟು ಹಾಕಿದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಜಂಬವೆಲ್ಲ ಇಳಿದು ನೆಲಕ್ಕೆ ಬಂದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಅವರು ಹೋಗಬೇಕು. ಬಟ್ಟೆಯ ಚೀಲ ಆಗಲೇ ಬಾಗಿಲ ಹತ್ತಿರ ಕಟ್ಟಿ ಇಟ್ಟಿತ್ತು. ದುಂಡಪ್ಪ ಮಗಳ ಮೋರೆ ನೋಡಲಾರದೆ ತಲೆ ತಗ್ಗಿಸಿ ಕುಳಿತಿದ್ದ. ಕಸ್ತೂರಿ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವಳು ಪಂಪನ್ನು ದಡಕ್ಕನೆ ನೆಲಕ್ಕೆ ಒಗೆದಳು.

"ಸಾಕ ಬಿಡು ಅತ್ತಿ. ಅಂವ ಯಾಕ ಬಾಯಿ ಬಿಡೂದಿಲ್ಲ ಅಂತ ನನಗ ಸಣ್ಣಾಕಿದ್ದಾಗಿಂದ ಗೊತ್ತೈತಿ." ಅಪ್ಪನ ಎದುರಿಗೆ ಬಂದು ನಿಂತಳು. "ತಗೋ, ನಾನ ಹಾಕ್ತೀನಿ ಹೆಪ್ಪು. ನಮ್ಮವ್ವಗ ನಾ ಬ್ಯಾಡಾಗಿದ್ದೆ."

ನಾನು ಧಡಕ್ಕನೆ ಎದ್ದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. "ಬಿಡ್ತು ಅನ್ನು, ಹುಚ್ಚ ಹುಡುಗಿ! ಇಂಥಾ ಹೆಪ್ಪು ಯಾರರ ಹಾಕ್ತಾರೇನು?" ಹೆಪ್ಪು ಹೇಗೋ ಮೊಸರೂ ಹಾಗೇ ಅಲ್ಲವೇ? ಇನ್ನು ಅವನು ಬಾಯಿ ತೆರೆದರೆ ಅದಕ್ಕೆ ಹೊಂದುವ ಮಾತೇ ಬರಬೇಕು. ತೆರೆಯದಿರಲಿ ದೇವರೇ, ಎಂದು ಆ ಒಂದು ಗಳಿಗೆ ನಾನು ಬೇಡಿಕೊಂಡೆ.

ದುಂಡಪ್ಪ ತಲೆ ಎತ್ತಿದ.

"ಹೌದು" ಎಂದ. "ಬ್ಯಾಡಾಗಿದ್ದಿ."

ಕಸ್ತೂರಿ ನಿಂತಲ್ಲೇ ಕುಸಿದು ಕುಳಿತಳು. ನಾನು ಅವಳ ಭುಜ ಹಿಡಿದುಕೊಂಡೆ. ದುಂಡಪ್ಪ ನಿಲ್ಲಲಿಲ್ಲ. ಇಷ್ಟು ವರ್ಷ ಒಳಗೆ ನಿಂತಿದ್ದದ್ದೆಲ್ಲ ಆ ಹರಕು ದನಿಯಲ್ಲಿ ಬರತೊಡಗಿತು.

"ಆಕಿಗೆ ಬೇಕಾಗಿದ್ದು ಸೈಕಲ್ಲು. ಮದವ್ಯಾದ ದಿನಾನ ಅಂದ್ಲು, ನಿನ್ನ ಮಾರಿ ನೋಡಿ ಬಂದಿಲ್ಲ, ನಿನ್ನ ಅಂಗಡಿ ನೋಡಿ ಬಂದೀನಿ ಅಂತ. ನನಗ ನಗು ಬಂತು. ಸೀರಿ ಮ್ಯಾಲ ಕಟ್ಟಿ, ಪ್ಯಾಟ್ಯಾಗ ಗಂಟಿ ಬಾರಿಸ್ಕೋಂತ ಹೊಂಟ್ಲಂದ್ರ ಮಂದಿ ದಾರಿ ಬಿಡಬೇಕು. ಯಾರರ ಏನರ ಅಂದ್ರ ಅವರ ಮನಿತನಾನ ಜಾಲಾಡ್ತಿದ್ಲು. ತುಳಸಿ ಗಿಳಸಿ ಎಲ್ಲೀದು, ಸೂರ್ಯಾ ಮ್ಯಾಲ ಬಂದ್ರೂ ಏಳ್ತಿದ್ದಿಲ್ಲ. ಹಂಗಿದ್ದಾಕಿಗೆ ನೀ ಹೊಟ್ಯಾಗ ಬಂದಿ. ಹಿರೇರೆಲ್ಲ ಕೂಡಿ ಸೈಕಲ್ ಬಂದ್ ಮಾಡಿದ್ರು. ಆಕಿ ಮೂಲ್ಯಾಗ ಕುಂತು ಹೊಟ್ಟಿಗೆ ಬೈತಿದ್ಲು, ಎಲ್ಲಿಂದ ಗಂಟ ಬಿದ್ದೀಯೋ ನನಗ ಅಂತ."

"ಬೈತಿದ್ಲಾ?" ಎಂದಳು ಕಸ್ತೂರಿ. ದನಿ ಕೇಳಿಸುವಂತಿರಲಿಲ್ಲ.

"ಭಾಳ. ನೀ ಹುಟ್ಟಿದ ಮ್ಯಾಲೂ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು. ಹಾಲಿಗೆ ಹಚ್ಚಿದ್ರ ಹಚ್ಚಿಸ್ಕೊಂತಿದ್ಲು, ಎತ್ಕೊಂತಿದ್ದಿಲ್ಲ. ನನಗ ಹೆದರಿಕಿ ಆತು. ನಾನ ನಿನ್ನ ಅಂಗಡಿಗೆ ತಂದು, ಹಳೇ ಟೈರಿನಾಗ ಮೆತ್ತನ್ನ ಅರಿವಿ ಹಾಸಿ ಮಲಗಸ್ತಿದ್ದೆ. ಒಂದಿನ ಆಕಿ ತಾನ ನಡಕೊಂತ ಅಂಗಡಿಗೆ ಬಂದ್ಲು. ಸೈಕಲ್ ಕೊಡು ಅಂದ್ಲು. ಕೊಟ್ಟೆ. ಬೆನ್ನ ಮ್ಯಾಲ ಬಿಸಲಾ ಬಿದ್ದು ಆಕಿ ಹೋಗೂದನ್ನ ನೋಡ್ಕೋಂತ ನಿಂತಿದ್ದೆ, ಇನ್ನ ಈಕಿ ತಿರಗಿ ಬರ್ತಾಳೋ ಇಲ್ಲೋ ಅಂತ. ನೀ ಚಿಟ್ಟನ ಚೀರಾಕ ಹತ್ತಿದಿ. ಆಕಿ ಮೂಲಿ ತನಕಾ ಹೋದಾಕಿ ತಿರಗಿ ಬಂದ್ಲು. ಒಂದು ಕಾಲ ನೆಲಕ್ಕೂರಿ ನಿನ್ನ ನೋಡಿದ್ಲು. ಯಾಕ ಅಳ್ತೈತಿ ಅಂದ್ಲು. ನೀ ಹೋದ್ಯಲ್ಲ ಅದಕ್ಕ ಅಂದೆ. ಸುಮ್ನ ಅಂದಿದ್ದೆ ನಾ, ಹಸಿವಿ ಆಗಿ ಅಳ್ತಿದ್ದಿ ನೀ. ಆಕಿ ಮಾರಿ ಹೆಂಗೋ ಆತು. ಹಂಗಾರ ಈಕಿಗೂ ಸೈಕಲ್ ಬೇಕಂತ ಕಾಣ್ತೈತಿ ಅಂದ್ಲು."

ದುಂಡಪ್ಪ ಕೆಮ್ಮಿದ. ನಾನು ನೀರು ಕೊಟ್ಟೆ. ಒಂದು ಗುಟುಕು ಕುಡಿದು, ಕೈಯಿಂದ ಬಾಯಿ ಒರೆಸಿಕೊಂಡ.

"ಸೀರಿ ಸೆರಗಿನಾಗ ನಿನ್ನ ಎದಿಗೆ ಕಟಗೊಂಡು ಹೋದ್ಲು. ನೋಡವಾ, ಮೂಲಿ ತಿರಗೂದ್ರಾಗ ನಿನ್ನ ಅಳೂ ನಿಂತಿತ್ತು. ಅವತ್ತಿಂದ ನಿನ್ನ ಯಾರ ಕೈಯಾಗೂ ಕೊಡ್ಲಿಲ್ಲ, ನನಗೂ ಕೊಡ್ಲಿಲ್ಲ. ಮೊದಲ ಬ್ಯಾಡಾಗಿದ್ಲು, ಈಗ ಬೇಕಾಗ್ಯಾಳ, ಏನ್ ಮಾಡ್ತೀರಿ ಅಂತ ಮಂದಿ ಮುಂದ ರಾಜಾರೋಷ ಹೇಳ್ತಿದ್ಲು. ಎಲ್ಲಾರಿಗೂ ಮಕ್ಕಳು ತಾವಾಗಿ ಬರ್ತಾವು, ನನ್ನ ಮಗಳನ್ನ ನಾ ಆರಿಸ್ಕೊಂಡೀನಿ ಅಂತಿದ್ಲು."

ಕಸ್ತೂರಿ ಎರಡೂ ಕೈಯಿಂದ ಮೋರೆ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ನೀರು ಇಳಿಯುತ್ತಿತ್ತು. ನನ್ನ ಸೆರಗೂ ಒದ್ದೆಯಾಗಿತ್ತು, ಯಾಕೆ ಮುಚ್ಚಿಡಲಿ.

"ಆಮ್ಯಾಲ ಆ ಜ್ವರಾ ಬಂತು" ಎಂದ ದುಂಡಪ್ಪ. ಈಗ ಬರೀ ಉಸಿರು, ಒಂದೊಂದು ಮಾತಿಗೂ ತಡೆಯುತ್ತಿದ್ದ. "ಏಳಾಕ ಬರದಂಗಾದಾಗ ನನ್ನ ಕರದು ಹೇಳಿದ್ಲು. ನಾಳೆ ಮಂದಿ ಬಂದು ನಾ ಒಳ್ಳೆಯಾಕಿ ಇದ್ದೆ ಅಂತ ಹೆಪ್ಪು ಹಾಕ್ತಾರ. ನೀ ಹೂಂ ಅನಬ್ಯಾಡ. ನನ್ನ ಮಗಳಿಗೆ ನಾ ಇದ್ದಂಗ ಹೇಳು. ಆಕಿ ಬ್ಯಾಡಾಗಿದ್ದೂ ಹೇಳು, ಬೇಕಾಗಿದ್ದೂ ಹೇಳು. ಬರೇ ಬೇಕಾಗಿದ್ಲು ಅಂದ್ರ ಆಕಿ ನಂಬೂದಿಲ್ಲ, ನನ್ನ ಮಗಳ ಆಕಿ. ಹಂಗಂದ್ಲು. ಅವತ್ತಿಂದ ಇವತ್ತಿನ ತನಕಾ ಊರಾಗ ಒಬ್ಬರೂ ಆ ಹೆಪ್ಪು ಹಾಕ್ಲಿಲ್ಲವಾ. ನಾ ಎಲ್ಲಿಂದ ಸುರು ಮಾಡ್ಲಿ?"

ಕಸ್ತೂರಿ ಎದ್ದು ಹೋಗಿ ಅಪ್ಪನ ಎಣ್ಣೆಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಅಳುವಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು. "ಗಂಟ ಬಿದ್ದೀಯೋ ಅಂತಿದ್ಲಾ? ಯಪ್ಪಾ, ಇನ್ನೊಮ್ಮೆ ಹೇಳೋ, ಆಕಿ ಹೆಂಗ ಬೈತಿದ್ಲು ಹಂಗ ಬೈದು ತೋರ್ಸು" ಎಂದಳು. ದುಂಡಪ್ಪ ಬೈದು ತೋರಿಸಿದ. ಆ ಬೈಗುಳ ಇಲ್ಲಿ ಹೇಳುವುದು ಬೇಡ, ಗಿರಣಿಯಲ್ಲಿ ಹೆಣ್ಣುಮಕ್ಕಳು ಕುಳಿತಿದ್ದಾರೆ. ಆದರೆ ಎಂಥ ಬೈಗುಳ ಅಂತೀರಿ! ಮಾದೇವಿ ನಮ್ಮೆದುರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ ಹಾಗಾಯಿತು. ನಾನು ಅಂಗಡಿಯಿಂದ ಹೊರಬಿದ್ದಾಗ ಅಪ್ಪ ಮಗಳು ಇನ್ನೂ ಮಾತಾಡುತ್ತಲೇ ಇದ್ದರು.

ಸೋಮವಾರ ಹೋದರು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಇಲ್ಲಿ ನಾನು ನನ್ನ ಬುದ್ಧಿಯನ್ನು ಸ್ವಲ್ಪ ತಿದ್ದಿಕೊಂಡೆ. ಸಾವಿನ ಮನೆಗೆ ಹೋದಾಗ ಎಲ್ಲರೂ "ಒಳ್ಳೆಯಾಕಿ ಇದ್ಲು" ಎಂದು ಮುಗಿಸಿದ ಮೇಲೆ ಮೆಲ್ಲಗೆ, "ಸಿಟ್ಟು ಬಂತಂದ್ರ ಮಾತ್ರ" ಎಂದು ಹಾಕುತ್ತೇನೆ. ಹಿರಿಯರು ನನ್ನನ್ನು ತಿನ್ನುವ ಹಾಗೆ ನೋಡುತ್ತಾರೆ. ಆದರೆ ಮನೆಯವರು ನನ್ನ ಕಡೆ ಸರಿದು ಕುಳಿತುಕೊಳ್ಳುತ್ತಾರೆ.

ಅವರಿಬ್ಬರೂ ಊರಿಗೆ ಮರಳಿದ ಮೇಲೆ ಹೊಸ ಪೇಚು ಶುರುವಾಯಿತು. ಅದು ನಮಗಾರಿಗೂ ಹೊಳೆದೇ ಇರಲಿಲ್ಲ. ಮನೆಯಲ್ಲಿರುವವರು ಇಬ್ಬರು. ಅಪ್ಪನಿಗೆ ಹೇಳಲು ಬಾರದು ಎನ್ನುವುದು ಇರಲಿ, ಹೆಪ್ಪು ಹಾಕಲೂ ಬಾರದಲ್ಲ! ದಿನವೆಲ್ಲ ಊರು ತಿರುಗಿ ಸಾಮಾನು ತಂದು, ಗಿರಾಕಿಗಳ ಸಂಗಡ ಜಗಳಾಡಿ ಬಂದ ಕಸ್ತೂರಿ ಅಪ್ಪನ ಮುಂದೆ ಬಂದು ನಿಂತರೆ ಬಾಯಿ ಕಟ್ಟಿದಂತೆ ನಿಲ್ಲುತ್ತಿದ್ದಳು. ಅವನು ಕೈ ಆಡಿಸುತ್ತಿದ್ದ, ಸೈಕಲ್ ತೋರಿಸುತ್ತಿದ್ದ, ಹುಬ್ಬು ಏರಿಸುತ್ತಿದ್ದ. ಆದರೂ ಅವಳಿಗೆ ಮಾತು ಬರುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ಅಪ್ಪ ಅವ್ವನನ್ನು ಮಗಳಿಗೆ ಕೊಟ್ಟ, ಈಗ ಅಪ್ಪ ಮಗಳೇ ಎದುರುಬದುರು ಮೂಕರಾಗಿ ಕುಳಿತಿದ್ದಾರೆ. ನಾನೇ ಸಂಜೆ ಗಿರಣಿ ಬಂದಾಗುವ ಹೊತ್ತಿಗೆ ಹೋಗಿ ಒಂದು ಹೆಪ್ಪು ಹಾಕಿ ಬರುತ್ತಿದ್ದೆ. "ನಾ ಸತ್ರ ಯಾರ ಹಾಕ್ತಾರ ನಿಮಗ?" ಎಂದು ಬೈಯುತ್ತಲೂ ಇದ್ದೆ. ಬೈದದ್ದು ಮೇಲೆ ಮೇಲೆ. ಒಳಗೆ ನನಗೆ ಆ ಚಿಂತೆ ನಿಜವಾಗಿಯೂ ಹತ್ತಿತ್ತು.

ಹೋದ ವಾರ ಗಿರಣಿಯ ಬೆಲ್ಟು ಹರಿಯಿತು. ಅರೆಬರೆ ಬೀಸಿದ ಜೋಳ ಇಟ್ಟುಕೊಂಡು ಜನ ಗಲಾಟೆ ಮಾಡಿದರು. ಒಬ್ಬೊಬ್ಬರಿಗೂ ಹೆಪ್ಪು ಹಾಕಿ ಸಮಾಧಾನ ಮಾಡುವಷ್ಟರಲ್ಲಿ ಹೊತ್ತು ಮುಳುಗಿತು. ಅಯ್ಯೋ, ಅಲ್ಲಿ ಆ ಹುಡುಗಿ ಕಾಯುತ್ತ ನಿಂತಿರುತ್ತಾಳಲ್ಲ ಎಂದು ದಡಬಡ ರಸ್ತೆ ದಾಟಿದೆ. ಅಂಗಡಿಯ ಅರ್ಧ ಬಾಗಿಲು ಹಾಕಿತ್ತು. ಒಳಗಿನಿಂದ ಕಸ್ತೂರಿಯ ದನಿ ಕೇಳುತ್ತಿತ್ತು. ಯಾರೋ ಗಿರಾಕಿ ಬ್ರೇಕಿಲ್ಲದ ಸೈಕಲ್ಲು ಹತ್ತಿ ಇಳಿಜಾರಿನಲ್ಲಿ ಬಂದದ್ದು, ಬೋಂಡಾ ಗಾಡಿಯವನು ಬಾಣಲೆ ಹಿಡಿದುಕೊಂಡು ಓಡಿದ್ದು, ಎಲ್ಲವನ್ನೂ ಸರಾಗವಾಗಿ ಹೇಳುತ್ತಿದ್ದಾಳೆ! ಯಾರೋ ನೆಂಟರು ಬಂದಿರಬೇಕೆಂದು ಇಣುಕಿದೆ. ಅಪ್ಪ, ಮಗಳು, ಮತ್ತೊಬ್ಬರಿಲ್ಲ.

"ಯಾರವಾ ಹೆಪ್ಪು ಹಾಕಿದಾಂವ?" ಎಂದೆ.

"ಅಪ್ಪ."

"ಅಂವಗ ದನಿ ಎಲ್ಲೈತಿ?"

"ನನ್ನ ನೋಡಿ ತುಟಿ ಅಲುಗಿಸಿದ, ಅತ್ತಿ."

ನನ್ನ ಕಸುಬಿನ ಬುದ್ಧಿ ಎಲ್ಲಿ ಹೋಗಬೇಕು. ಅಂಥದೇನು ಒಳ್ಳೆಯ ಮಾತು ಹುಡುಕಿದ ಇವನು ಎಂದು ಕುತೂಹಲ, ಹೊಟ್ಟೆಕಿಚ್ಚು ಎರಡೂ ಆಯಿತು. "ಏನಂದ?" ಎಂದು ಕೇಳಿದೆ.

ಕಸ್ತೂರಿ ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನು ನೋಡಿದ. ಇಬ್ಬರೂ ನಕ್ಕರು. ಅವನ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿದ್ದವು.

"ಏನಂದ್ನೋ ಯಾರಿಗ್ಗೊತ್ತು ಅತ್ತಿ, ನನಗ ಒಂದೂ ತಿಳೀಲಿಲ್ಲ" ಎಂದಳು ಕಸ್ತೂರಿ. "ನಾ ಸುರು ಮಾಡಿಬಿಟ್ಟೆ."

ನಾನು ಸ್ಟೂಲು ಎಳೆದುಕೊಂಡು ಕುಳಿತೆ. "ಮುಂದ ಹೇಳು" ಎಂದೆ.